ಕತ್ತರಿಯಕ್ಕನ ಮೂವತ್ತು ದೇಶ

ಬೇಕರಿಗೂ ಔಷಧಿ ಅಂಗಡಿಗೂ ನಡುವೆ ಒತ್ತರಿಸಿಕೊಂಡು ನಿಂತಂತಿದ್ದ ಎರಡು ಕುರ್ಚಿಯ ಪಾರ್ಲರು ಅವಳದು. ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಚಿಕ್ಕವರು ದೊಡ್ಡವರೆನ್ನದೆ ಬೀದಿಗೆಲ್ಲ ಅವಳು ಕತ್ತರಿಯಕ್ಕ. ಇಪ್ಪತ್ತೆರಡು ವರ್ಷಗಳಿಂದ ಹೆಂಗಸರ ಕೂದಲು ತೊಳೆದು, ಕತ್ತರಿಸಿ, ಬಣ್ಣ ಹಚ್ಚಿ, ಒಣಗಿಸಿ ಕಳಿಸುತ್ತಿದ್ದಳು.

ಬೇಸಿನ್ನಿನ ಅಂಚಿಗೆ ಕತ್ತು ಆನಿಸಿ, ಬೆಚ್ಚನೆಯ ನೀರು ಹಣೆಗೆ ತಾಕಿದ್ದೇ ತಡ, ಬಂದವರ ಕಣ್ಣು ಮುಚ್ಚಿಕೊಳ್ಳುತ್ತಿತ್ತು, ಬಾಯಿ ಬಿಚ್ಚಿಕೊಳ್ಳುತ್ತಿತ್ತು. ಒಬ್ಬಳು ಹಿಮದಲ್ಲಿ ಹೂತುಹೋದ ರೈಲು ನಿಲ್ದಾಣದ ಕತೆ ಹೇಳುವಳು. ಇನ್ನೊಬ್ಬಳು, ಬೀದಿಗಳ ಬದಲು ಬರೀ ಕಾಲುವೆಗಳಿರುವ ಊರಿನಲ್ಲಿ ಅಂಚೆಯವನು ದೋಣಿಯಲ್ಲಿ ಬರುತ್ತಿದ್ದುದನ್ನು. ಕತ್ತರಿಯಕ್ಕ ಹೂಂಗುಟ್ಟುತ್ತಾ, ನೊರೆಯೊಳಗೆ ಬೆರಳಾಡಿಸುತ್ತಾ, ನಿಂತ ಕಾಲಲ್ಲೇ ಅರ್ಧ ಪ್ರಪಂಚ ಸುತ್ತಿ ಬಂದಿದ್ದಳು. ಸಂಜೆ ನೆಲ ಗುಡಿಸುವಾಗ, ಇಷ್ಟು ಹೊತ್ತು ತಾನು ಎಲ್ಲಿದ್ದೆ ಎಂದು ಅವಳಿಗೇ ಸರಿಯಾಗಿ ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹಡಗಿನಲ್ಲಿ ಅಡುಗೆ ಮಾಡುವ ಹೆಂಗಸೊಬ್ಬಳು ಬಂದು ಕೂದಲಿಗೆ ಬಣ್ಣ ಹಚ್ಚಿಸಿಕೊಂಡಳು. ಬಣ್ಣ ಹಿಡಿಯುವವರೆಗೆ ಕಾಯುತ್ತಾ ಅವಳು ತಟ್ಟನೆ ಕೇಳಿದಳು: "ನಾನೇ ಬಡಬಡ ಅಂತ ಮಾತಾಡ್ತಿದೀನಿ. ನೀವೆಲ್ಲೆಲ್ಲಿ ಹೋಗಿದೀರಿ ಅಕ್ಕಾ?"

ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಅವಳನ್ನು ಕೇಳಿರಲಿಲ್ಲ. ಬಣ್ಣದ ಹೊತ್ತು ಅಳೆಯಲು ಇಟ್ಟಿದ್ದ ಪುಟ್ಟ ಗಡಿಯಾರದ ಮುಳ್ಳು ಮೂವತ್ತರ ಮೇಲಿತ್ತು. ಅವಳ ಕಣ್ಣು ಅಲ್ಲೇ ನೆಟ್ಟಿತ್ತು.

"ಎಲ್ಲೂ ಇಲ್ಲ. ಆದ್ರೆ ಮೂವತ್ತು ದೇಶ ನೋಡ್ಬೇಕು ಅಂತಿದೀನಿ" ಎಂದುಬಿಟ್ಟಳು.

ಬಾಯಿ ತಪ್ಪಿ ಬಂದ ಮಾತು. ಆದರೆ ಹೇಳಿ ಮುಗಿಸುವಷ್ಟರಲ್ಲಿ ಎಷ್ಟೋ ವರ್ಷಗಳ ಹಿಂದೆಯೇ ನಿಶ್ಚಯವಾದ ವಿಷಯದಂತೆ ಎದೆಯೊಳಗೆ ಹೋಗಿ ಕೂತುಬಿಟ್ಟಿತು.

ಊಟದ ಹೊತ್ತಿಗೆ ಮನೆಯಲ್ಲಿ ಹೇಳಿದಾಗ ಅವಳ ಗಂಡ ತುತ್ತು ಕೈಯಲ್ಲೇ ಹಿಡಿದು ನೋಡಿದ. ಅವನದು ಬೀಗ ರಿಪೇರಿಯ ಕೆಲಸ. ಊರಿನ ಅಂಚು ದಾಟುವುದೆಂದರೆ ಅವನಿಗೆ ಜೀವ ಬಾಯಿಗೆ ಬರುತ್ತಿತ್ತು.

"ಬೇರೆಯವರ ಮನೆಗೆ ಬೀಗ ಹಾಕ್ಕೊಡೋದು ನನ್ನ ಕೆಲ್ಸ. ನಮ್ಮನೆಗೆ ಬೀಗ ಜಡ್ಕೊಂಡು ಊರೂರು ತಿರುಗೋದಲ್ಲ" ಎಂದ.

"ನಿಮ್ಮನ್ನ ಯಾರು ಕರೆದ್ರು ಈಗ?"

ಅತ್ತೆ ತಟ್ಟೆಯಿಂದ ತಲೆಯೆತ್ತಿದರು. "ಹೋಗ್ಲಿ ಬಿಡೋ. ಅವ್ಳು ಒಂದ್ ವಾರ ಇಲ್ದಿದ್ರೆ ನಿನಗೂ ಅನ್ನ ಬೇಯ್ಸೋದು ಹೇಗೆ ಅಂತ ಗೊತ್ತಾಗುತ್ತೆ."

ಮೊದಲ ದೇಶ ರೈಲಿನಲ್ಲಿ ಒಂದು ಹಗಲಿನ ದಾರಿ. ನೋಡಬೇಕಾದ್ದನ್ನೆಲ್ಲ ಅವಳು ನೋಡಿದಳು: ಗೋಪುರ, ಸೇತುವೆ, ಕುದುರೆ ಏರಿದ ಕಲ್ಲಿನ ದೊರೆ. ಚೆನ್ನಾಗಿಯೇ ಇದ್ದವು. ಆದರೂ ಯಾರದೋ ಮದುವೆಗೆ ಕರೆಯದೆ ಬಂದವಳಂತೆ ಅನ್ನಿಸುತ್ತಿತ್ತು. ಕಾಲು ನೋಯುತ್ತಿತ್ತು. ಓಣಿಯೊಂದರಲ್ಲಿ ಗಾಜಿನ ಬಾಗಿಲಿನ ಹಿಂದೆ ಹೆಂಗಸೊಬ್ಬಳು ಟವೆಲ್ ಮಡಚುತ್ತಿದ್ದುದು ಕಂಡಿತು. ಅಂಚಿಗೆ ಅಂಚು ಕೂಡಿಸಿ, ಮೂರು ಮಡಿಕೆ, ತನ್ನ ಹಾಗೆಯೇ. ಕತ್ತರಿಯಕ್ಕ ಬಾಗಿಲು ತಳ್ಳಿ ಒಳಗೆ ಹೋದಳು.

ಭಾಷೆ ಬಾರದಿದ್ದರೇನು, ತಲೆ ತೋರಿಸಿದರೆ ಸಾಕಾಯಿತು. ಬೇಸಿನ್ನಿಗೆ ಕತ್ತು ಆನಿಸಿದಾಗ ಹೊಳೆಯಿತು: ಇಷ್ಟು ವರ್ಷಗಳಲ್ಲಿ ಬೇರೆಯವರ ಕೈ ತನ್ನ ತಲೆ ತೊಳೆದದ್ದೇ ಇಲ್ಲ. ನೀರು ಬಿತ್ತು. ಗುರುತಿಲ್ಲದ ಬೆರಳುಗಳು ನೆತ್ತಿಯ ಮೇಲೆ ನಿಧಾನವಾಗಿ ಸುತ್ತತೊಡಗಿದವು. ಕಿವಿಗೆ ನೊರೆ ತುಂಬಿ ಬೀದಿಯ ಸದ್ದು ದೂರ ಸರಿಯಿತು. ದೋಣಿಯೊಂದರಲ್ಲಿ ಮಲಗಿ ಯಾವುದೋ ದಡದ ಕಡೆಗೆ ತೇಲುತ್ತಿರುವಂತೆ, ಆ ದಡ ಎಂದಿಗೂ ಬಾರದಿದ್ದರೂ ಚಿಂತೆಯಿಲ್ಲವೆಂಬಂತೆ ಅವಳಿಗೆ ತೋರಿತು. ಆಮೇಲೆ ಯಾರೋ ಮಾತಾಡುತ್ತಿರುವುದು ಕೇಳಿಸಿತು. ಅವಳೇ. ಅತ್ತೆಯ ಮಂಡಿನೋವು, ಗಂಡನ ಹಟ, ತಾನು ಹುಡುಗಿಯಾಗಿದ್ದಾಗ ಗೆಳತಿಯ ಹೆರಳಿಗೆ ತನ್ನ ಹೆರಳು ಕಟ್ಟಿಕೊಂಡು ಇಬ್ಬರೂ ಓಡಿ ಬಿದ್ದದ್ದು, ಎಲ್ಲವನ್ನೂ ತನ್ನ ಭಾಷೆಯಲ್ಲೇ ಹೇಳುತ್ತಿದ್ದಳು. ಆ ಹೆಂಗಸು ಒಂದಕ್ಷರವೂ ತಿಳಿಯದೆ, ಸರಿಯಾದ ಜಾಗದಲ್ಲೆಲ್ಲ ಹೂಂಗುಟ್ಟುತ್ತಿದ್ದಳು.

ಅಲ್ಲಿಂದ ಮುಂದೆ ಅದೇ ರೂಢಿಯಾಯಿತು. ಕೆಲಸ ಕಡಿಮೆಯಿರುವ ದಿನಗಳನ್ನು ನೋಡಿಕೊಂಡು ವರ್ಷಕ್ಕೊಂದು ದೇಶ, ಕೆಲವು ವರ್ಷ ಎರಡು. ಹೋದಲ್ಲೆಲ್ಲ ಒಂದು ಕುರ್ಚಿ, ಒಂದು ಕನ್ನಡಿ, ಅಪರಿಚಿತ ಕೈಗಳು. ಒಂದು ಕಡೆ ಇಬ್ಬರು ಅಕ್ಕತಂಗಿಯರು ಅವಳ ತಲೆಯ ಎರಡು ಬದಿಗೆ ನಿಂತು ಜಗಳವಾಡುತ್ತಾ ಕತ್ತರಿಸಿದರು. ಎಡಕ್ಕೂ ಬಲಕ್ಕೂ ತಾಳೆಯಾಗದ ಕೂದಲು ಹೊತ್ತು ಮನೆಗೆ ಬಂದಳು. ಸೊಂಟದವರೆಗಿದ್ದ ಜಡೆ ಭುಜಕ್ಕೆ ಬಂತು, ಭುಜದಿಂದ ಕಿವಿಗೆ ಏರಿತು.

"ಮೂವತ್ತಾಗೋ ಹೊತ್ತಿಗೆ ತಲೇಲಿ ಏನಾದ್ರೂ ಉಳ್ದಿರುತ್ತೇನೇ?" ಎಂದು ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಒಂಬತ್ತನೆಯ ದೇಶದಲ್ಲಿ ಅದೊಂದು ಮೀನುಗಾರರ ಊರು. ಬೆಳಗಿನ ಮಂಜು ಇನ್ನೂ ಬೀದಿಯಲ್ಲೇ ಅಡ್ಡಾಡುತ್ತಿತ್ತು. ಅಂಗಡಿಯಲ್ಲಿದ್ದವಳು ಬೆನ್ನು ಬಾಗಿದ ಒಬ್ಬ ಅಜ್ಜಿ. ಒದ್ದೆ ಕೂದಲನ್ನು ಬೈತಲೆ ಬೈತಲೆಯಾಗಿ ಬಿಡಿಸುತ್ತಾ ಬಂದ ಅಜ್ಜಿಯ ಬಾಚಣಿಗೆ ಬಲಗಿವಿಯ ಹಿಂದೆ ನಿಂತುಬಿಟ್ಟಿತು. ಅಜ್ಜಿ ಕನ್ನಡಕ ಸರಿಪಡಿಸಿಕೊಂಡಳು, ಬಗ್ಗಿ ನೋಡಿದಳು. ಆಮೇಲೆ ಕತ್ತರಿಯನ್ನು ಕೆಳಗಿಟ್ಟು ಎರಡು ಕನ್ನಡಿ ಹಿಡಿದು ತೋರಿಸಿದಳು. ಕೂದಲಿನ ಬುಡದಲ್ಲಿ, ಅಂಚು ಹರಿದಂತಿದ್ದ ಒಂದು ಕಪ್ಪು ಮಚ್ಚೆ. ಕತ್ತರಿಯಕ್ಕ ಏನಿಲ್ಲವೆಂದು ಕೈಯಾಡಿಸಿದಳು. ಅಜ್ಜಿ ಕೇಳಲಿಲ್ಲ. ಕಾಗದದ ಮೇಲೆ ಒಂದು ತಲೆ ಬರೆದು, ಚುಕ್ಕಿಯಿಟ್ಟು, ಪಕ್ಕದಲ್ಲಿ ಆಸ್ಪತ್ರೆಯ ಪ್ಲಸ್ ಗುರುತು ಹಾಕಿದಳು. ಅದರ ಕೆಳಗೆ ಮೂರು ಗೆರೆ ಎಳೆದಳು. ಅವಳ ಮಣಿಕಟ್ಟು ಹಿಡಿದುಕೊಂಡು, ಚಿಕ್ಕ ಮಗುವಿಗೆ ಗದರಿಸುವಂತೆ ಏನೋ ಹೇಳಿದಳು. ಕೂದಲು ಮಾತ್ರ ಕತ್ತರಿಸಲಿಲ್ಲ.

ಕತ್ತರಿಯಕ್ಕ ಕನ್ನಡಿಗಳನ್ನು ತಾನೇ ಹಿಡಿದು ಇನ್ನೊಮ್ಮೆ ನೋಡಿದಳು. ಸಾವಿರಾರು ತಲೆಗಳ ಹಿಂಭಾಗ ಕಂಡವಳು ಅವಳು. ತನ್ನದನ್ನು ಎಂದೂ ಕಂಡಿರಲಿಲ್ಲ.

ಎರಡು ದಿನ ಮುಂಚೆಯೇ ಊರಿಗೆ ಮರಳಿದಳು. ಡಾಕ್ಟರು ಪರೀಕ್ಷೆ ಮಾಡಿಸಿ, ಆ ವಾರವೇ ಮಚ್ಚೆಯನ್ನು ಸುತ್ತಲಿನ ಚರ್ಮದ ಸಮೇತ ತೆಗೆದರು. ಅದು ಒಳ್ಳೆಯ ಜಾತಿಯ ಮಚ್ಚೆಯಲ್ಲ ಎಂದರು. "ಸದ್ಯ, ಆಳಕ್ಕೆ ಇಳಿದಿಲ್ಲ. ಇನ್ನಾರು ತಿಂಗಳು ಬಿಟ್ಟಿದ್ರೆ ಮಾತೇ ಬೇರೆ ಇತ್ತು. ಯಾರಮ್ಮಾ ಇದನ್ನ ನೋಡಿದ್ದು?"

ಗಂಡ ಆಸ್ಪತ್ರೆಯ ಬೆಂಚಿನ ಮೇಲೆ ಅವಳ ಪಕ್ಕ ಕೂತ. "ಇಪ್ಪತ್ತಾರು ವರ್ಷ ಪಕ್ಕದಲ್ಲೇ ಮಲಗಿದೀನಿ. ನನ್ನ ಕಣ್ಣಿಗೆ ಬೀಳ್ಲಿಲ್ವಲ್ಲೇ" ಎಂದ.

"ಬೇರೆಯವ್ರ ಕಣ್ಣಿಗೆ ಬಿತ್ತಲ್ಲ, ಬಿಡಿ."

"ಆ ಅಜ್ಜಿನ ನಾನು ನೋಡ್ಬೇಕು."

"ದೂರ ಇದೆ ರೀ."

"ಗೊತ್ತು. ಹೇಳ್ದೆನಲ್ಲ, ನೋಡ್ಬೇಕು."

ಮುಂದಿನ ವಸಂತದಲ್ಲಿ ಇಬ್ಬರೂ ಹೊರಟರು. ಅತ್ತೆ ತಮ್ಮ ಮಗಳ ಮನೆಗೆ ಹೋದರು. ವಿಮಾನ ಮೇಲೇರುವಾಗ ಅವನು ಹೆಂಡತಿಯ ಬೆರಳುಗಳನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ, ಇಳಿದ ಮೇಲೂ ಒಂದು ಗಂಟೆ ಅವು ಜೋಮು ಹಿಡಿದೇ ಇದ್ದವು.

ಅಜ್ಜಿಯ ಬಾಗಿಲು ತೆರೆದಿತ್ತು. ಕತ್ತರಿಯಕ್ಕನ ಮುಖವನ್ನು ಅಜ್ಜಿ ಎರಡು ಸಲ ನೋಡಿದಳು, ಗುರುತು ಹತ್ತಲಿಲ್ಲ. ಆಗ ಕತ್ತರಿಯಕ್ಕ ತಿರುಗಿ ನಿಂತು ಬಲಗಿವಿಯ ಹಿಂದಿನ ಕೂದಲೆತ್ತಿದಳು. ಮಾಯುತ್ತಿದ್ದ ಗೆರೆಯ ಮೇಲೆ ತಣ್ಣನೆಯ ಬೆರಳೊಂದು ಹರಿಯಿತು. ಮರುಕ್ಷಣ ಅಜ್ಜಿ ಹೋ ಎಂದು ಕೂಗಿ ಅವಳನ್ನು ಹಿಂದಿನಿಂದಲೇ ಅಪ್ಪಿಕೊಂಡಳು. ಗಂಡ ಕೈ ಮುಗಿದ. ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿ, ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿ, ಕೊರಳಿಗೆ ಟವೆಲ್ ಸುತ್ತಿಯೇಬಿಟ್ಟಳು. ತಲೆಗೆ ನೀರು ಬಿದ್ದೊಡನೆ ಅವನು ಕಣ್ಣು ಮುಚ್ಚಿದ. ಹೆಂಡತಿಗೂ ಎಂದೂ ಹೇಳದ ಮಾತುಗಳನ್ನು, ಆಪರೇಷನ್ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಒಬ್ಬನೇ ಕೂತು ಅತ್ತದ್ದನ್ನು, ಛಾವಣಿಗೆ ಹೇಳುವಂತೆ ಮೆಲ್ಲನೆ ಹೇಳತೊಡಗಿದ. ಅಜ್ಜಿ ಹೂಂಗುಟ್ಟಿದಳು. ಕತ್ತರಿಯಕ್ಕ ಕಿಟಕಿಯ ಬಳಿ ನಿಂತು, ಕೇಳಿಸದವಳಂತೆ ಹೊರಗೆ ನೋಡುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

ಮರುದಿನ ಕಡಲ ದಂಡೆಯಲ್ಲಿ ಮಂಜು ಹರಿದಾಗ ದೂರದಲ್ಲಿ ನೀಲಿಯ ಗುಡ್ಡಸಾಲು ಕಂಡಿತು.

"ಅದೂ ಇದೇ ದೇಶಾನಾ?" ಎಂದು ಗಂಡ ಕೇಳಿದ.

"ಅಲ್ವಂತೆ. ಬೇರೆ. ಇಲ್ಲಿಂದ ಲಾಂಚ್ ಹೋಗುತ್ತೆ."

ಅವನು ಹೊಸದಾಗಿ ಕೂದಲು ಕತ್ತರಿಸಿದ್ದ ಕತ್ತಿನ ಹಿಂಭಾಗ ಸವರಿಕೊಂಡ. "ಎಷ್ಟೊತ್ತಿಗೆ?"

ಲಾಂಚು ದಡ ಬಿಟ್ಟಾಗ ಅವನ ಮುಖ ಬಿಳಿಚಿಕೊಂಡಿತ್ತು. ಕಂಬಿಯನ್ನು ಎರಡೂ ಕೈಯಿಂದ ಹಿಡಿದು, ಕಾಲಗಲಿಸಿ ನಿಂತು, ಆದರೂ ಕಣ್ಣು ಮುಚ್ಚದೆ ಮುಂದಕ್ಕೇ ನೋಡುತ್ತಿದ್ದ. ಗುಡ್ಡಗಳು ನೀಲಿಯಿಂದ ನಿಧಾನವಾಗಿ ಹಸಿರಿಗೆ ತಿರುಗುತ್ತಿದ್ದವು.