ಮೂರನೆಯ ಬೊಗಸೆ

ಎರಡು ಬೊಗಸೆ ಅಕ್ಕಿ ಪಾತ್ರೆಗೆ ಬಿದ್ದಾಗಿತ್ತು. ಪಕ್ಕದ ಮನೆಯ ಗೋವಿಂದಮ್ಮ ಒಳಬಂದು ಶಿಲ್ಪಶ್ರೀಯ ಕೈ ಹಿಡಿದರು.

"ಏನ್ ಮಾಡ್ತಿದ್ದೀಯೇ? ಇವತ್ತು ಈ ಮನೇಲಿ ಒಲೆ ಹಚ್ಚಂಗಿಲ್ಲ. ಉಪ್ಪಿಟ್ಟು ನಮ್ಮನೆಯಿಂದ ಬರತ್ತೆ."

ಶಿಲ್ಪಶ್ರೀಯ ಕೈ ತಾನಾಗಿಯೇ ಅಕ್ಕಿ ಡಬ್ಬಕ್ಕೆ ಹೋಗಿತ್ತು. ಹಜಾರದಲ್ಲಿ ಅತ್ತೆ ಜಯದೇವಿಯವರ ದೇಹವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ. ಏಳು ವರ್ಷದ ಮಗಳು ಪ್ರೇರಣಾ ಪಾತ್ರೆಯೊಳಗೆ ಇಣುಕಿದಳು. ಅಮ್ಮನನ್ನು ಏನೋ ಕೇಳಲು ಬಾಯಿ ತೆರೆದು, ಮುಚ್ಚಿಕೊಂಡಳು.

*

ಬನಶಂಕರಿಯ ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಶಿಲ್ಪಶ್ರೀ ಜಯನಗರದಿಂದ ಒಂದು ಅಳತೆಯ ಲೋಟ ತಂದಿದ್ದಳು. ಅತ್ತೆ ಅದರಲ್ಲಿ ದೊಡ್ಡಪತ್ರೆ ಗಿಡಕ್ಕೆ ನೀರು ಹಾಕಿದರು.

"ಯಾರಿಗೆ ಎಷ್ಟು ಹಸಿವು ಅಂತ ಲೋಟಕ್ಕೆ ಹೆಂಗೆ ಗೊತ್ತಾಗತ್ತೆ?"

ಮುಂದೆ ಮೊಮ್ಮಗಳು ಬೆಳೆದಾಗ ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿಕೊಳ್ಳುತ್ತಿದ್ದರು. ತಮ್ಮ ಎರಡು ಬೊಗಸೆ ಹಾಕಿ, "ಈಗ ನಿಂದು ಹಾಕವ್ವ. ನಿಂದು ಬೀಳ್ದಿದ್ರೆ ಯಾರಿಗೂ ಸಾಲಲ್ಲ," ಎನ್ನುತ್ತಿದ್ದರು.

*

ಶಿಲ್ಪಶ್ರೀಯ ಗಂಡ ಶಿವರಾಜ್ ಗೇಟಿಗೆ ಫ್ಲೆಕ್ಸ್ ಕಟ್ಟುತ್ತಿದ್ದ. ಅಜ್ಜಿಯ ಫೋಟೋದ ಕೆಳಗಿದ್ದ ದಪ್ಪ ಅಕ್ಷರಗಳನ್ನು ಪ್ರೇರಣಾ ಕೂಡಿಸಿ ಓದಿದಳು: "ಶ್ರ... ದ್ಧಾಂ... ಜಲಿ."

ಹಿಂದಿನ ಬೀದಿಯ ಸೇತುರಾಮ ಮೇಷ್ಟ್ರು ಅವಳ ಪಕ್ಕ ನಿಂತರು. "ಎರಡು ಮಾತು ಸೇರಿದೆ ಪುಟ್ಟಿ. ಶ್ರದ್ಧಾ, ಅಂಜಲಿ. 'ಶ್ರತ್' ಅಂದ್ರೆ ಸತ್ಯ ಅಂತಾರೆ ಕೆಲವರು, ಹೃದಯ ಅಂತಾರೆ ಕೆಲವರು. 'ಧಾ' ಅಂದ್ರೆ ಇಡೋದು. ಮನಸ್ಸಿಡೋದೇ ಶ್ರದ್ಧೆ. ಅಂಜಲಿ ಅಂದ್ರೆ ಬೊಗಸೆ."

"ಫ್ಲೆಕ್ಸ್ ಅಂಗಡಿಯವ್ನು ಇಷ್ಟೆಲ್ಲ ಯೋಚ್ನೆ ಮಾಡಿರಲ್ಲ ಮೇಷ್ಟ್ರೇ," ಎಂದು ಶಿವರಾಜ್ ದಾರ ಬಿಗಿದ.

"ಹಂಗಾದ್ರೆ ಜಯಕ್ಕ ಬದುಕಿದ್ದಾಗ್ಲೇ ನಮಗೆಲ್ಲ ಶ್ರದ್ಧಾಂಜಲಿ ಬಡಿಸಿಬಿಟ್ಲು!" ಎಂದರು ಗೋವಿಂದಮ್ಮ. ಅಳುತ್ತಿದ್ದವರೂ ನಕ್ಕರು.

ಪ್ರೇರಣಾ ನಗಲಿಲ್ಲ. ತನ್ನ ಎರಡೂ ಅಂಗೈ ಜೋಡಿಸಿ ನೋಡಿಕೊಂಡಳು.

"ಮಗು ಮನೇಲಿರಲಿ. ರುದ್ರಭೂಮಿಗೆಲ್ಲ ಬೇಡ," ಎಂದ ಶಿವರಾಜ್.

ಶಿಲ್ಪಶ್ರೀ ಮಗಳ ಕೈಗಳನ್ನು ನೋಡಿದಳು.

"ನನ್ ಜೊತೆ ಬರ್ತಾಳೆ ರೀ. ಇವಳ್ನ ಬಿಟ್ಟು ಅತ್ತೆ ಯಾವತ್ತಾದ್ರೂ ಅಳತೆ ಮುಗಿಸಿದ್ರಾ?"

ಶಿವರಾಜ್ ಮಗಳ ಚಪ್ಪಲಿ ಹುಡುಕಿ ತಂದಿಟ್ಟ.

*

ಗುಂಡಿಯೊಳಗೆ ಜಯದೇವಿಯವರು ಕೂತಿದ್ದರು, ಮಡಿಲ ತುಂಬ ಬಿಲ್ವಪತ್ರೆ. ಶಿವರಾಜ್ ಬಗ್ಗಿ ಒಂದು ಬೊಗಸೆ ಮಣ್ಣು ಹಾಕಿದ. ಮತ್ತೊಂದು ಹಾಕಿದ. ಜನ ಮುಂದೆ ಬರುವಷ್ಟರಲ್ಲಿ ಪ್ರೇರಣಾ ಅಂಚಿಗೆ ಬಂದು ನಿಂತಿದ್ದಳು. ಬೊಗಸೆಯಲ್ಲಿ ಮಣ್ಣು ತುಂಬಿಕೊಂಡು ಪುಟ್ಟ ಬೆರಳುಗಳನ್ನು ಬಿಗಿಯಾಗಿ ಜೋಡಿಸಿದ್ದಳು. ಒಂದು ಹರಳೂ ಜಾರದಂತೆ.

"ಅಮ್ಮಾ, ಈಗ ನಂದು ಹಾಕ್ಲಾ?"