ಹಲ್ಲು ಬಿದ್ದ ಮೇಲಿನ ರೆಕಾರ್ಡು

ಚನ್ನಗಿರಿಯಲ್ಲಿ ಪೈಪು, ಮೋಟಾರಿನ ಅಂಗಡಿ ಇಟ್ಟಿರುವ ಗುರುಬಸವರಾಜ್ ಇಷ್ಟೆಲ್ಲ ಮಾಡಿದ್ದು ನಾಲ್ಕು ಚಹಾ ಕಪ್ಪು ತೊಳೆಯುವುದನ್ನು ತಪ್ಪಿಸಿಕೊಳ್ಳಲಿಕ್ಕೆ. ಕೇಳಿದವರು ನಕ್ಕಾರು. ಅವನಿಗೂ ಮೊದಮೊದಲು ನಗುವೇ ಬರುತ್ತಿತ್ತು.

ಜಾಝ್ ಅಂದರೇನು ಅಂತ ಕೇಳಿದರೆ ಸುತ್ತಿನ ನಾಲ್ಕು ತಾಲ್ಲೂಕಿನಲ್ಲಿ ಉತ್ತರ ಹೇಳುವವರು ತಾಲ್ಲೂಕಿಗೊಬ್ಬರಂತೆ ನಾಲ್ಕೇ ಜನ. ಆ ನಾಲ್ವರೂ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಿದ್ದರು. ಚನ್ನಗಿರಿಯಿಂದ ಗುರುಬಸವರಾಜ್. ಹೊನ್ನಾಳಿಯಿಂದ ಕಾಲೇಜು ಲೈಬ್ರರಿಯಲ್ಲಿದ್ದು ನಿವೃತ್ತರಾದ ಹೇಮಾವತಿ. ನ್ಯಾಮತಿಯಿಂದ ರಕ್ತಪರೀಕ್ಷೆಯ ಲ್ಯಾಬ್ ನಡೆಸುವ ಮಾಲತೇಶ್. ಜಗಳೂರಿನಿಂದ ಮೂಕಪ್ಪ, ಅವರು ಮದುವೆ ಮೆರವಣಿಗೆಗೆ ಹೋಗುವ ಬ್ಯಾಂಡ್ ಸೆಟ್ಟಿನ ಮಾಸ್ತರು, ಕ್ಲಾರಿಯೋನೆಟ್ ನುಡಿಸುವವರು. ಐವತ್ತು ಅರವತ್ತರ ದಶಕದ ಅಮೆರಿಕದ ರೆಕಾರ್ಡುಗಳೆಂದರೆ ನಾಲ್ವರಿಗೂ ಪ್ರಾಣ. ಕಲಾವಿದರ ಹೆಸರು ನಾಲಿಗೆಗೆ ಹೊರಳದ ಕಡೆ ಅಡ್ಡಹೆಸರು ಇಟ್ಟುಕೊಂಡಿದ್ದರು: ಬಿಕ್ಕೋ ಸ್ಯಾಕ್ಸು, ಕೆಮ್ಮಿನ ಪಿಯಾನೋ, ನಗೋ ತುತ್ತೂರಿ.

ಕೂಟಕ್ಕೊಂದು ನಿಯಮವಿತ್ತು. ರೆಕಾರ್ಡು ತಂದವರು ಅದರ ಹೊದಿಕೆಯನ್ನು ಪೇಪರಿನಲ್ಲಿ ಸುತ್ತಿ ಬಚ್ಚಿಟ್ಟು, ರೆಕಾರ್ಡನ್ನಷ್ಟೇ ಹಾಕಿ ಕೇಳಿಸಬೇಕು. ಉಳಿದವರು ಬರೀ ಕಿವಿಯಿಂದ ಯಾರದ್ದು, ಯಾವ ಇಸವಿಯದ್ದು ಅಂತ ಹೇಳಬೇಕು. ಹೆಚ್ಚು ತಪ್ಪು ಹೇಳಿದವರು ಕೊನೆಗೆ ಎಲ್ಲರ ಕಪ್ಪು ತೊಳೆಯಬೇಕು. ತೊಳೆಯುತ್ತಿದ್ದವನು ಹೆಚ್ಚಾಗಿ ಗುರುಬಸವರಾಜ್. ಮೂಕಪ್ಪ ಒಂದು ಸಲವೂ ನಲ್ಲಿಯ ಹತ್ತಿರ ಹೋದವರಲ್ಲ.

ಸೋತದ್ದಕ್ಕೆ ಬೇಜಾರಿಲ್ಲ ಅಂತ ಅವನು ಹೇಳಿಕೊಳ್ಳುತ್ತಿದ್ದ. ನಿಜ ಬೇರೆ ಇತ್ತು. ಹೇಮಾವತಿಯವರ ಕಪ್ಪು, ಮಾಲತೇಶನ ಕಪ್ಪು ತೊಳೆಯುವಾಗ ಸಲೀಸಾಗಿ ಓಡುತ್ತಿದ್ದ ಕೈ ಮೂಕಪ್ಪನವರ ಕಪ್ಪಿಗೆ ಬಂದಾಗ ಒಂದು ಗಳಿಗೆ ತಡೆಯುತ್ತಿತ್ತು. ತನ್ನ ಮದುವೆಯ ದಿನ ಬ್ಯಾಂಡು ನುಡಿಸಿ, ಮನೆಯವರ ಊಟವೆಲ್ಲ ಮುಗಿಯಲಿ ಅಂತ ಚಪ್ಪರದ ಹೊರಗೆ ಕಾದು ಕೂತವರು ಇದೇ ಮೂಕಪ್ಪ. ಈ ಕಾಲದಲ್ಲೂ ಇಂಥ ಯೋಚನೆಯೇ ಅಂತ ಗುರುಬಸವರಾಜ್ ತನಗೆ ತಾನೇ ಛೀಮಾರಿ ಹಾಕಿಕೊಳ್ಳುತ್ತಿದ್ದ. ಹಾಕಿಕೊಂಡರೂ ಕೈ ತಡೆಯುವುದು ನಿಲ್ಲಲಿಲ್ಲ.

ಹಾಗಿರುವಾಗ ಮಗಳು ಪೂಜಾ ಅವನಿಗೊಂದು ಸ್ಮಾರ್ಟ್ ವಾಚ್ ಕೊಡಿಸಿದಳು. ಕಿಸೆಯಲ್ಲಿರುವ ಫೋನು ಸಂಗೀತ ಕೇಳಿಸಿಕೊಂಡು ಯಾರದ್ದು, ಯಾವ ಇಸವಿಯದ್ದು ಅನ್ನುವುದನ್ನು ವಾಚಿನ ಮೇಲೆ ಮೂಡಿಸುತ್ತಿತ್ತು. ಗುರುಬಸವರಾಜ್ ಮುಂದಿನ ಭಾನುವಾರ ಟೈಮ್ ನೋಡಿಕೊಂಡವನಂತೆ ಮಣಿಕಟ್ಟು ನೋಡಿಕೊಂಡ, ಉತ್ತರ ಹೇಳಿದ, ಗೆದ್ದ. ಒಂದೇ ಸಲ ಅಂದುಕೊಂಡಿದ್ದ. ಅದು ಹದಿನಾಲ್ಕು ತಿಂಗಳು ನಡೆಯಿತು. ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ಮೂಕಪ್ಪನೇ.

"ನಾ ಹೇಳಿದ್ನಲ್ರೀ, ಕೇಳ್ತಾ ಕೇಳ್ತಾ ಕಿವಿ ತೆರೀತೈತೆ ಅಂತ. ಗುರುಬಸಣ್ಣಂಗೆ ಈಗ ತೆರೀತು ನೋಡ್ರಿ," ಅಂತ ತೊಡೆ ತಟ್ಟಿ ನಗುತ್ತಿದ್ದರು. ಆ ನಗು ಕೇಳಿ ಗುರುಬಸವರಾಜ್ ವಾಚನ್ನು ಅಂಗಿಯ ತೋಳಿನೊಳಗೆ ಸರಿಸಿಕೊಳ್ಳುತ್ತಿದ್ದ. ಆದರೂ ಮುಂದಿನ ತಿಂಗಳು ವಾಚ್ ಕಟ್ಟಿಕೊಂಡೇ ಹೋಗುತ್ತಿದ್ದ.

ಏಪ್ರಿಲ್‌ನಲ್ಲಿ ಹೊನ್ನಾಳಿಯ ಸರದಿ. ಹೇಮಾವತಿಯವರು ತೀರಿಹೋದ ಅಣ್ಣನ ಪೆಟ್ಟಿಗೆಯಿಂದ ಒಂದು ರೆಕಾರ್ಡು ತೆಗೆದರು. ನಡುವಿನ ಚೀಟಿಯನ್ನು ಹುಳ ತಿಂದಿತ್ತು, ಹೊದಿಕೆಯೇ ಇರಲಿಲ್ಲ.

"ಇದು ಯಾವ್ದು ಅಂತ ನಂಗೂ ಗೊತ್ತಿಲ್ರೀ. ನೀವೇ ತೀರ್ಮಾನ ಮಾಡ್ಬೇಕು," ಅಂದರು.

ಮೂಕಪ್ಪ ಕಣ್ಣು ಮುಚ್ಚಿ ಕೇಳಿದರು. "ನಗೋ ತುತ್ತೂರಿ. ಐವತ್ತೊಂಬತ್ತನೇ ಇಸ್ವಿ. ಹಲ್ಲು ಬಿದ್ದ ಮೇಲಿಂದು."

"ಹಲ್ಲಾ?" ಅಂದ ಮಾಲತೇಶ್.

"ಹೂನ್ರೀ. ಮುಂದ್ಲ ಹಲ್ಲು ಹೋದ್ರೆ ಊದೋನಿಗೆ ತುಟಿ ನಿಲ್ಲಾದಿಲ್ಲ. ಉದ್ದ ಸ್ವರ ಹಿಡಿಯಾಕೆ ಹೆದರ್ತಾನೆ ನೋಡ್ರಿ. ಮೊದ್ಲಿನ ರೆಕಾರ್ಡಿನಾಗೆ ಹಿಂಗಿರ್ಲಿಲ್ಲ."

ಗುರುಬಸವರಾಜ್ ಮಣಿಕಟ್ಟು ನೋಡಿಕೊಂಡ. ಅಲ್ಲಿ ಅದೇ ತುತ್ತೂರಿಯವನ ಹೆಸರಿತ್ತು. ಇಸವಿ ಮಾತ್ರ 1956. ಒಬ್ಬನೇ ಒಂದೇ ರಾಗವನ್ನು ಎರಡು ಬೇರೆ ಇಸವಿಯಲ್ಲಿ ನುಡಿಸಿದ್ದರೆ ಯಂತ್ರ ತನಗೆ ಗೊತ್ತಿರುವ ಒಂದನ್ನೇ ಹೇಳುತ್ತದೆ ಅನ್ನುವುದು ಅವನಿಗೆ ಹೊಳೆಯಲಿಲ್ಲ.

"ಐವತ್ತಾರು," ಅಂದ. ಹೇಳಿದ ಧಾಟಿಯಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

"ಇವ್ರದ್ದು ಹದಿನಾಲ್ಕು ತಿಂಗಳಿಂದ ಒಂದೂ ತಪ್ಪಿಲ್ಲ," ಅಂದ ಮಾಲತೇಶ್. ಹೇಮಾವತಿಯವರೂ ತಲೆಯಾಡಿಸಿದರು. ಹಲ್ಲಿನ ಮಾತಿಗೆ ಎಲ್ಲರೂ ನಕ್ಕರು, ಗುರುಬಸವರಾಜನೂ ನಕ್ಕ. ಮೂಕಪ್ಪ ಅದನ್ನೇ ಇನ್ನೆರಡು ಸಲ ಹಾಕಿಸಿಕೊಂಡು ಕೇಳಿದರು.

"ನಂಗೆ ಇನ್ನೂ ಹಂಗೇ ಕೇಳ್ತೈತಲ್ರೀ," ಅಂದರು ಮೆಲ್ಲಗೆ. ಆಮೇಲೆ ಎದ್ದು ಹೋಗಿ ನಾಲ್ಕೂ ಕಪ್ಪು ತೊಳೆದರು.

ಮೇ ತಿಂಗಳಲ್ಲಿ ಅವರು ಬರಲಿಲ್ಲ. ಜೂನ್‌ನಲ್ಲೂ ಇಲ್ಲ. ಜುಲೈನಲ್ಲಿ ಒಂದು ದಿನ ದೊಡ್ಡ ರಟ್ಟಿನ ಡಬ್ಬಿ ಹೊತ್ತುಕೊಂಡು ಬಸ್ಸಿಳಿದು ಸೀದಾ ಅಂಗಡಿಗೆ ಬಂದರು. ಡಬ್ಬಿಯಲ್ಲಿ ಅವರ ಅಷ್ಟೂ ರೆಕಾರ್ಡುಗಳಿದ್ದವು.

"ಕಿವಿ ಡಾಕ್ಟ್ರಿಗೆ ತೋರಿಸ್ದೆ ಗುರುಬಸಣ್ಣ. ಕಿವಿ ಸರಿಯೈತಂತೆ. ಹಂಗಾದ್ರೆ ತಲೇದೇ ಇರ್ಬೇಕು. ನಮ್ಮಪ್ಪಗೂ ಹಿಂಗೇ ಶುರುವಾಗಿದ್ದು. ಕೊನೆಗೆ ನನ್ನೇ ಯಾರಪ್ಪ ನೀನು ಅಂತಿದ್ದ." ಬೆವರು ಒರೆಸಿಕೊಂಡರು. "ಬ್ಯಾಂಡಿಗೂ ಹೋಗ್ತಿಲ್ಲ. ನಡುವೆ ತಪ್ಪಿದ್ರೆ ನಮ್ಮೋರ ಮಾನ ಹೋಗ್ತೈತೆ. ಇವು ಕೇಳೋ ಕಿವಿ ಇರೋರ ಮನ್ಯಾಗಿರ್ಲಿ."

ಆಗಲೇ ಹೇಳಬಹುದಿತ್ತು. ಬಾಯಿ ತೆರೆದರೆ ಸಾಕಿತ್ತು. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಆಮೇಲೆ ಫೋನ್ ಮಾಡಿ ಹೇಳಿದರಾಯಿತು ಅಂತ ಗುರುಬಸವರಾಜ್ ತನಗೆ ತಾನೇ ಸಬೂಬು ಹೇಳಿಕೊಂಡ. ಇದ್ದವರು ಇಬ್ಬರೇ, ಅವರಿಗೂ ಅವಸರವಿರಲಿಲ್ಲ. ಡಬ್ಬಿಯನ್ನು ಮನೆಗೆ ಒಯ್ದು ಮೆಟ್ಟಿಲ ಕೆಳಗೆ ಇಟ್ಟ. ಅದನ್ನು ದಾಟಿಕೊಂಡೇ ದಿನಾ ಸ್ನಾನಕ್ಕೆ ಹೋಗಬೇಕಿತ್ತು. ಒಂದೇ ಒಂದು ರೆಕಾರ್ಡನ್ನು ಹೊರಗೆ ತೆಗೆಯುವ ಧೈರ್ಯ ಅವನಿಗೆ ಬರಲಿಲ್ಲ.

ದೀಪಾವಳಿಗೆ ಹೇಮಾವತಿಯವರ ಮನೆಗೆ ಸುಣ್ಣ ಹೊಡೆಸುವಾಗ ಬೀರುವಿನ ಹಿಂದೆ ಆ ರೆಕಾರ್ಡಿನ ಹೊದಿಕೆ ಸಿಕ್ಕಿತು. ಅವರು ಗುರುಬಸವರಾಜನಿಗೆ ಫೋನ್ ಮಾಡಿ, ಅದರ ಮೇಲೆ ಬರೆದದ್ದನ್ನು ನಗುತ್ತಾ ಓದಿದರು: ಬಿದ್ದು ಮುಂದಿನ ಎರಡು ಹಲ್ಲು ಮುರಿದುಕೊಂಡ ಕಲಾವಿದ ವರ್ಷಗಟ್ಟಲೆ ತುತ್ತೂರಿ ಮುಟ್ಟಿರಲಿಲ್ಲವಂತೆ, 1959ರಲ್ಲಿ ಮತ್ತೆ ನುಡಿಸಿದ ಮೊದಲ ರೆಕಾರ್ಡು ಇದಂತೆ.

"ಅಂತೂ ಒಂದ್ಸಲ ನಿಮ್ದೂ ತಪ್ಪಾಯ್ತಲ್ರೀ! ಮೂಕಪ್ಪನೋರಿಗೆ ಫೋನ್ ಮಾಡ್ಲಾ?"

"ಬ್ಯಾಡ ಮೇಡಂ. ನಾನೇ ಹೋಗಿ ಹೇಳ್ತೀನಿ," ಅಂದ ಗುರುಬಸವರಾಜ್.

ಹೋಗಲು ಹನ್ನೊಂದು ದಿನ ಹಿಡಿಯಿತು. ಒಂದು ದಿನ ಕಾರು ಸರ್ವಿಸ್‌ಗೆ, ಒಂದು ದಿನ ಹಬ್ಬದ ನೆಂಟರಿಗೆ, ಉಳಿದ ಒಂಬತ್ತು ದಿನ ಹೇಡಿತನಕ್ಕೆ. ಕಡೆಗೊಂದು ಬೆಳಿಗ್ಗೆ ಡಬ್ಬಿಯನ್ನು ಹಿಂದಿನ ಸೀಟಿನಲ್ಲಿಟ್ಟುಕೊಂಡು ಜಗಳೂರಿಗೆ ಹೊರಟ.

ಮೂಕಪ್ಪ ಇಳಿದುಹೋಗಿದ್ದರು. ಗೋಡೆಯ ಗೂಟದಲ್ಲಿ ಬ್ಯಾಂಡಿನ ಕೆಂಪು ಕೋಟು ಧೂಳು ಹಿಡಿದು ನೇತಾಡುತ್ತಿತ್ತು. ಅವರ ಹೆಂಡತಿ ಅಂತರಘಟ್ಟಮ್ಮ ಮೂವರಿಗೂ ಚಹಾ ತಂದರು. ಗುರುಬಸವರಾಜ್ ವಾಚ್ ಬಿಚ್ಚಿ ಚಾಪೆಯ ಮೇಲಿಟ್ಟು ಎಲ್ಲವನ್ನೂ ಹೇಳಿದ. ಹದಿನಾಲ್ಕು ತಿಂಗಳದ್ದೂ ಹೇಳಿದ. ಕಪ್ಪಿನ ಮೇಲೆ ಕೈ ತಡೆಯುತ್ತಿದ್ದುದನ್ನು ಮಾತ್ರ ಹೇಳಬಾರದು ಅಂದುಕೊಂಡಿದ್ದ, ಅದನ್ನೂ ಹೇಳಿದ. ಹೇಳುವಾಗ ಅವನಿಗೆ ಅಳು ಬಂತು, ಅಳುವುದಕ್ಕೂ ನಾಚಿಕೆಯಾಯಿತು.

ಮೂಕಪ್ಪ ವಾಚನ್ನು ಮುಟ್ಟಲಿಲ್ಲ.

"ಹಲ್ಲು?" ಅಂದರು.

"ಬಿದ್ದಿತ್ತು ಮಾಸ್ತರ್ರೆ. ಹೊದಿಕೆ ಮ್ಯಾಲೆ ಬರ್ದೈತೆ. ಐವತ್ತೊಂಬತ್ತೇ."

ಮಾತಾಡಿದವರು ಅಂತರಘಟ್ಟಮ್ಮ.

"ಈ ಮನುಷ್ಯ ದಿನಾ ಬೆಳಿಗ್ಗೆ ಎದ್ದು ಗೋಡೆ ಕಡೆ ತಿರುಗ್ಕಂಡು ನಮ್ಮ ಹೆಸರೆಲ್ಲ ಹೇಳ್ಕಂತಾರೆ. ಯಾರ್ನಾದ್ರೂ ಮರ್ತೀನೇನೋ ಅಂತ. ಏಳು ತಿಂಗಳಾತು. ನೀವು ಗಡಿಯಾರ ನೋಡ್ಕಂತ ಕುಂತಿದ್ರಿ."

ಗುರುಬಸವರಾಜ್ ಎದ್ದು ಮೂರೂ ಕಪ್ಪು ಎತ್ತಿಕೊಂಡ. ಬೇರೆ ದಿನವಾಗಿದ್ದರೆ ಅಯ್ಯೋ ಬಿಡ್ರಿ ಅನ್ನುತ್ತಿದ್ದರೇನೋ, ಇವತ್ತು ಯಾರೂ ಬೇಡವೆನ್ನಲಿಲ್ಲ. ಹಿತ್ತಿಲ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ತೊಳೆಯತೊಡಗಿದ. ಕಿಟಕಿ ತೆರೆದೇ ಇತ್ತು. ಒಳಗಿನಿಂದ ಮೂಕಪ್ಪನವರ ದನಿ ಕೇಳಿಸಿತು. ಸುಳ್ಳು ಯಾವುದು, ನಿಜ ಯಾವುದು ಅಂತ ಗೊತ್ತಾದ ಮೇಲೂ ಏಳು ತಿಂಗಳ ಹೆದರಿಕೆ ಅವರನ್ನು ಬಿಟ್ಟಿರಲಿಲ್ಲ.

"ಅಂತರಘಟ್ಟಮ್ಮ, ಹೆಂಡ್ತಿ. ಅರ್ಪಿತಾ, ಮಗಳು. ದಾಸಪ್ಪ, ಡ್ರಮ್ಮು. ಹೇಮಾವತಮ್ಮ, ಹೊನ್ನಾಳಿ. ಮಾಲತೇಶ, ನ್ಯಾಮತಿ. ಗುರುಬಸಣ್ಣ, ಚನ್ನಗಿರಿ."

ತನ್ನ ಹೆಸರು ಕೇಳಿ ಗುರುಬಸವರಾಜನ ಕೈ ನಿಂತಿತು. ಮರೆಯಬಾರದವರ ಸಾಲಿನಲ್ಲಿ ತಾನೂ ಇದ್ದೇನೆ, ಇಷ್ಟು ದಿನವೂ ಇದ್ದೆ ಅಂತ ಅವನಿಗೆ ಆಗ ಗೊತ್ತಾಯಿತು. ಮೂಕಪ್ಪ ಮತ್ತೆ ಮೊದಲಿನಿಂದ ಹೇಳಲು ಶುರುಮಾಡಿದರು. ಅಂತರಘಟ್ಟಮ್ಮ, ಅರ್ಪಿತಾ, ದಾಸಪ್ಪ, ಹೇಮಾವತಮ್ಮ, ಮಾಲತೇಶ. ಅಲ್ಲಿಗೆ ನಿಲ್ಲಿಸಿದರು.

ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು ಅಂತ ಗುರುಬಸವರಾಜನಿಗೆ ಚೆನ್ನಾಗಿ ಗೊತ್ತಿತ್ತು. ಕೈಯಲ್ಲಿದ್ದದ್ದು ಮೂಕಪ್ಪನವರ ಕಪ್ಪು. ಅದನ್ನು ಅವನು ಕೈ ತಡೆಯದೆ ಇನ್ನೊಮ್ಮೆ ತೊಳೆದ.