ಗುಂಡನ ಕಾರಿಗೊಂದು ಚಿಪ್

ಭಾನುವಾರ ಒಂದು ದಿನವಾದರೂ ಯಾರ ಕೈಗೂ ಸಿಗಬಾರದು ಎಂದುಕೊಂಡಿದ್ದಳು ಅಕ್ಕ. ವಾರವಿಡೀ ರಿಪೇರಿ ಅಂಗಡಿಯಲ್ಲಿ ಸುಟ್ಟ ಮಿಕ್ಸಿ, ಸತ್ತ ಟೀವಿಗಳ ಮುಂದೆ ಬಗ್ಗಿ ಕೂತು ಅವಳ ಬೆನ್ನು ಬಿದ್ದುಹೋಗಿತ್ತು. ಅಷ್ಟರಲ್ಲಿ ತಮ್ಮ ತಾನು ಓಡಿಸುವ ಬಾಡಿಗೆ ಕಾರು ತಂದು ಬಾಗಿಲಿಗೇ ನಿಲ್ಲಿಸಿದ. ನಡುವಯಸ್ಸು ದಾಟಿದರೂ ಎಲ್ಲರಿಗೂ ಅವನು ಗುಂಡನೇ.

ಡಿಕ್ಕಿಯಲ್ಲಿ ಅವನೇ ಪ್ಲೈವುಡ್ ಕೊಯ್ದು ಮಾಡಿದ ಪೆಟ್ಟಿಗೆ, ಅದರಲ್ಲಿ ಊಟದ ತಟ್ಟೆಯಷ್ಟಗಲದ ಸ್ಪೀಕರ್. ಅದನ್ನು ಕುಣಿಸುವ ಆಂಪ್ಲಿಫೈಯರ್ ಅಕ್ಕ ಮಾಡಿಕೊಡಬೇಕಂತೆ. ಯಾರೋ ಹೇಳಿದರೆಂದು ನೂರು ವ್ಯಾಟಿನ ದೊಡ್ಡ ಚಿಪ್ಪೊಂದನ್ನು ಕಾಗದದಲ್ಲಿ ಸುತ್ತಿ ತಂದಿದ್ದ.

ಅದು ಕಾರಿಗೆ ಹೇಳಿ ಮಾಡಿಸಿದ್ದಲ್ಲ ಎಂದು ಅಕ್ಕ ತಾಳ್ಮೆಯಿಂದಲೇ ಬಿಡಿಸಿ ಹೇಳಿದಳು. ಬ್ಯಾಟರಿ ಕೊಡುವುದು ಹನ್ನೆರಡು ವೋಲ್ಟ್. ಈ ಚಿಪ್ಪಿನ ಹಸಿವು ಅದರ ಎಷ್ಟೋ ಪಟ್ಟು. ವೋಲ್ಟೇಜ್ ಏರಿಸಲು ಇನ್ನೊಂದು ಸರ್ಕ್ಯೂಟ್ ಕಟ್ಟಬೇಕು, ಅದು ಬಿಸಿಯಾಗುತ್ತದೆ, ಗೊಣಗುತ್ತದೆ. ಅದರ ಬದಲು ಕಾರಿಗೆಂದೇ ಮಾಡಿದ ಸಣ್ಣ ಚಿಪ್ ನೇರ ಬ್ಯಾಟರಿಯಿಂದಲೇ ನಡೆಯುತ್ತದೆ. ಸದ್ದು ಕಡಿಮೆ, ಆದರೆ ಕಾರಿನೊಳಗೆ ಅಷ್ಟು ಸಾಕು.

"ಸಾಕಾಗಲ್ಲ ಅಕ್ಕ. ಸೀಟು ನಡುಗ್ಬೇಕು, ಬೆನ್ನಿಗೆ ಗೊತ್ತಾಗ್ಬೇಕು."

ಇವನ ಹಟಕ್ಕೆ ಮದ್ದಿಲ್ಲ ಎಂದುಕೊಂಡಳು ಅಕ್ಕ. ಈಚೆಗೆ ಗುಂಡನೊಂದಿಗೆ ಯಾರಿಗೂ ಸರಿಹೋಗುತ್ತಿರಲಿಲ್ಲ. ಅಕ್ಕನ ಮನೆಯಲ್ಲೇ ಇದ್ದ ಅಮ್ಮ, ಕರೆದರೆ ಓಗೊಡದಷ್ಟು ಕೊಬ್ಬು ಬಂದಿದೆ ಅವನಿಗೆ ಎಂದು ಕೊರಗುತ್ತಿದ್ದಳು. ಅವನ ಹೆಂಡತಿಯಂತೂ ಮಾತು ಬಿಟ್ಟೇ ಬಿಟ್ಟಿದ್ದಳು. ವಾದ ಮಾಡಲು ಅಕ್ಕನಲ್ಲಿ ತ್ರಾಣವಿರಲಿಲ್ಲ. ಗಿರಾಕಿಗಳ ನಡುವೆ ಬಿಡುವು ಸಿಕ್ಕಾಗಲೆಲ್ಲ ತಂತಿ ಸುತ್ತಿ, ಬೆಸುಗೆ ಹಾಕಿ, ಅವನು ಹೇಳಿದ ಚಿಪ್ಪನ್ನೇ ಕೂರಿಸಿದಳು.

ಮುಂದಿನ ಭಾನುವಾರ ಮರದ ನೆರಳಲ್ಲಿ ಕಾರು ನಿಲ್ಲಿಸಿ ಪರೀಕ್ಷೆ ಮಾಡಿದರು. ಪೆಟ್ಟಿಗೆ ಧಿಮ್ಮೆಂದಿತು, ಗಾಜುಗಳು ಗಡಗಡ ನಡುಗಿದವು. ಆದರೆ ವೋಲ್ಟೇಜ್ ಏರಿಸುವ ಸುರುಳಿಯಿಂದ ಸೂಜಿಯಂಥ ಕೀರಲು ಸದ್ದೊಂದು ಎದ್ದಿತು. ಹಾಡು ನಿಲ್ಲಿಸಿದರೂ ಅದು ನಿಲ್ಲಲಿಲ್ಲ. ಡಿಕ್ಕಿಯ ಬಳಿ ನಿಂತಿದ್ದ ಅಕ್ಕನಿಗೆ ಹಲ್ಲು ಜುಮ್ಮೆಂದವು. ಗುಂಡ ಮಾತ್ರ ಮುಂದಿನ ಸೀಟಿಗೊರಗಿ ಕಣ್ಣು ಮುಚ್ಚಿ ಹಾಯಾಗಿದ್ದ.

ಇದನ್ನು ಹೇಗೆ ತಡ್ಕೋತೀಯೋ ಎಂದು ಕೇಳಿದಳು. ಉತ್ತರವಿಲ್ಲ. ಗಟ್ಟಿಯಾಗಿ ಕೂಗಿದಳು, ಆಗಲೂ ಇಲ್ಲ. ಮುಂದೆ ಹೋಗಿ ಭುಜ ಮುಟ್ಟಿದಾಗ ಅವನು ಬೆಚ್ಚಿ ತಿರುಗಿ, ಅವಳ ಕಣ್ಣು ಬಿಟ್ಟು ತುಟಿಯನ್ನೇ ನೋಡಿದ.

"ಈ ಕೀರಲು ಕೇಳಿಸ್ತಿಲ್ವೇನೋ?"

"ಯಾವ ಕೀರಲು?"

ಅಕ್ಕ ಹಿಂದೆ ಹೋಗಿ ಸ್ವಿಚ್ ಆರಿಸಿದಳು, ಮತ್ತೆ ಹಾಕಿದಳು. ಕನ್ನಡಿಯಲ್ಲಿ ಕಾಣುತ್ತಿದ್ದ ತಮ್ಮನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಪಕ್ಕದ ಸೀಟಿಗೆ ಬಂದು ಕೂತು, ಯಾವಾಗಿನಿಂದ ಕಿವಿ ಕೇಳಿಸುತ್ತಿಲ್ಲ ಎಂದಷ್ಟೇ ಕೇಳಿದಳು.

ಮೊದಲು ಜನರೇಟರ್ ಕೋಣೆಯಲ್ಲಿ ಕೆಲಸ ಮಾಡುವಾಗಲೇ ಶುರುವಾಗಿತ್ತಂತೆ. ಈಗ ಹಾಡಿನಲ್ಲಿ ಉಳಿದಿರುವುದು ತಾಳದ ಗುದ್ದು ಮಾತ್ರ, ಅದೂ ಮೈಗೆ ತಾಗಿದರೆ.

"ಮಾತು ಬಾಯಿ ನೋಡಿ ಊಹೆ ಮಾಡ್ತೀನಿ. ಹಿಂದಿನ ಸೀಟಿನವರು ಏನಂದ್ರೂ ಹೂಂ ಅಂತೀನಿ. ಮೊನ್ನೆ ಒಬ್ರು, ಮನೇಲಿ ಎಲ್ಲಾ ಕ್ಷೇಮಾನಾ ಅಂದ್ರಂತೆ. ನಾನು ಗಾಡಿ ಬಲಕ್ಕೆ ತಿರುಗಿಸ್ಬಿಟ್ಟೆ."

ಅಕ್ಕನಿಗೆ ಬೇಡಬೇಡವೆಂದರೂ ನಗು ಬಂತು, ಹಿಂದೆಯೇ ಅಳುವೂ ಬಂತು. ಹೆಂಡತಿಗೇಕೆ ಹೇಳಲಿಲ್ಲ ಎಂದಳು. ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಸಿಡುಕ ಅನ್ನಿಸಿಕೊಳ್ಳುವುದೇ ವಾಸಿ ಎಂದ ಅವನು. ಕಾರಿನ ಮಾಲೀಕನಿಗೆ ತಿಳಿದರೆ ಕೆಲಸ ಹೋಗುತ್ತದೆ ಎಂದೂ ಹೇಳಿದ.

"ಹಾರ್ನ್ ಕೇಳ್ಸುತ್ತಾ?"

ಗುಂಡ ತಲೆ ತಗ್ಗಿಸಿದ. ಅಕ್ಕ ಕೈ ಚಾಚಿ ಕೀ ಕಿತ್ತುಕೊಂಡಳು.

"ಕಿವಿ ತೋರಿಸ್ಕೊಂಡು ಬಾ. ಅಲ್ಲಿವರೆಗೆ ಇದು ನನ್ನ ಹತ್ರ ಇರ್ಲಿ."

ಅವನು ಬಾಗಿಲು ಧಡಾರನೆ ಹಾಕಿ ನಡೆದೇ ಹೋದ. ತಾನು ಮಾಡಿದ್ದು ಸರಿಯೋ ತಪ್ಪೋ ತಿಳಿಯದೆ ಅಕ್ಕ ಅವನ ಹೆಂಡತಿಗೆ ಫೋನ್ ಮಾಡಿದಳು. ಆಕೆ ಓಡಿ ಬಂದು ಎಲ್ಲ ಕೇಳಿಸಿಕೊಂಡಳು. "ನಾನು ಅವರಿಗೆ ಬೇಡವಾದೆ ಅಂದ್ಕೊಂಡಿದ್ದೆ ಅತ್ತಿಗೆ," ಎಂದಳು.

ಅವಳೇ ಗಂಡನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಹೋದದ್ದು ಮರಳುವುದಿಲ್ಲ, ಕಿವಿಗೆ ಯಂತ್ರ ಹಾಕಿಕೊಂಡರೆ ಇರುವುದರಲ್ಲೇ ನಿಭಾಯಿಸಬಹುದು ಎಂದರು ಡಾಕ್ಟರು. ಗುಂಡ ಕೂಗಾಡಿದ, ಊಟ ಬಿಟ್ಟ, ಆಮೇಲೆ ಹಾಕಿಕೊಂಡ. ಯಂತ್ರ ಹಾಕಿಯೇ ಕಿವಿಯ ಪರೀಕ್ಷೆ ಪಾಸಾದ ಮೇಲೆ ಮಾಲೀಕ ಮುಖ ಗಂಟಿಕ್ಕಿಕೊಂಡು ಹಗಲಿನ ಬಾಡಿಗೆಗಳನ್ನು ಮಾತ್ರ ಕೊಟ್ಟ. ಅಷ್ಟರಲ್ಲಿ ಅಕ್ಕ ದೊಡ್ಡ ಚಿಪ್ಪನ್ನು ಬಿಚ್ಚಿ ಸಣ್ಣದನ್ನು ಕೂರಿಸಿದ್ದಳು.

ಅದನ್ನು ನೋಡಲು ಅಕ್ಕನ ಮನೆಗೆ ಬಂದ ಗುಂಡ ಕಾರಿನಲ್ಲಿ ಕೂತು ಹಾಡು ಹಾಕಿ, ಸ್ವಲ್ಪ ಹೊತ್ತಿಗೇ ಆರಿಸಿದ. ಎಲ್ಲ ತಗಡು ಬಡಿದ ಹಾಗಿದೆ, ತಲೆ ಸಿಡಿಯುತ್ತದೆ ಎಂದ. ಅಭ್ಯಾಸವಾಗುತ್ತೆ ಎಂದಳು ಅಕ್ಕ. ನಿನಗೆ ಹೇಗೆ ಗೊತ್ತು ಎಂದ. ಅವಳಿಗೇನೂ ಗೊತ್ತಿರಲಿಲ್ಲ.

ಮನೆಯೊಳಗಿನಿಂದ ಸದ್ದೊಂದು ಬಂತು. ಗುಂಡ ಬಾಗಿಲ ಕಡೆ ತಿರುಗಿದ.

"ಅಮ್ಮನಾ ಅದು ಕೆಮ್ಮೋದು? ಯಾವಾಗಿಂದ ಹೀಗೆ?"

"ಬಹಳ ದಿನ ಆಯ್ತು."

ಅವನು ಕೆಮ್ಮು ನಿಲ್ಲುವವರೆಗೂ ಕಿವಿಗೊಟ್ಟು ಕೂತಿದ್ದು, ಚಪ್ಪಲಿ ಕಳಚಿ ಒಳಗೆ ಹೋದ.